ರಕ್ತಪಿಶಾಚಿಯ ಪ್ರೇಮಕ್ಕೂ ನನ್ನ ಅತ್ತೆಯ ಅಭಿಪ್ರಾಯಕ್ಕೂ ಬೀಗ ಜಡಿದವರಿಗೆ

ಸಾರ್ವಜನಿಕ ಗ್ರಂಥಾಲಯದ ಮುಖ್ಯಾಧಿಕಾರಿಗಳೇ,

ತಾವು ಒಂದು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀರಿ. ಅದಷ್ಟೇ ಆಗಿದ್ದರೆ ಒಂದಿಷ್ಟು ಗೊಣಗಿ ಸುಮ್ಮನಾಗುತ್ತಿದ್ದೆನೇನೋ. ಆದರೆ ಅದೇ ಬೀಗವನ್ನು ನನ್ನ ಅತ್ತೆಯ ಬಾಯಿಗೂ ಹಾಕಿದಿರಿ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಪತ್ರವನ್ನೂ ಒಂದೇ ಉಸಿರಿಗೆ ಬರೆದದ್ದಲ್ಲ. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಒಬ್ಬರ ತೋಳಿಗೆ ಹತ್ತಿ ಒತ್ತಿ ಕಳಿಸಿ, ಇನ್ನೊಬ್ಬರು ತೋಳು ಮಡಚಿಕೊಂಡು ಬಂದು ಕೂರುವಷ್ಟರಲ್ಲಿ ಎರಡೆರಡು ಸಾಲು ಬರೆದದ್ದು. ವಾಕ್ಯಗಳು ಅಲ್ಲಲ್ಲಿ ಚುಚ್ಚಿದರೆ ಮನ್ನಿಸಿ, ಕಸುಬಿನ ದೋಷ.

ಮೊದಲು ಆ ಪುಸ್ತಕದ ವಿಚಾರ. ತಾವು ಅದನ್ನು ಓದಿಲ್ಲವೆಂದು ತಾವೇ ಹೇಳಿದ್ದೀರಿ. ಓದದೆಯೇ ಅದು 'ಸದಭಿರುಚಿಗೆ ವಿರುದ್ಧ' ಎಂದು ನಿಶ್ಚಯಿಸುವ ವಿದ್ಯೆ ತಮಗೆ ಒಲಿದಿದೆ. ನಮ್ಮಂಥವರಿಗೆ ಅದು ಒಲಿದಿಲ್ಲವಾದ್ದರಿಂದ ನಾವು ಪುಟ ತಿರುವಬೇಕಾಗುತ್ತದೆ. 'ಹಲ್ಲುನೋವಿನ ಪ್ರೇಮಿ' ಎಂಬ ಆ ಕಾದಂಬರಿಯ ನಾಯಕ ಮುನ್ನೂರು ವರ್ಷದ ರಕ್ತಪಿಶಾಚಿ. ಸಕ್ಕರೆ ಕಾಯಿಲೆಯವರ ರಕ್ತ ಕುಡಿದು ಕುಡಿದು ಅವನ ಕೋರೆಹಲ್ಲು ಹುಳುಕಾಗಿದೆ. ನೋವು ತಾಳಲಾರದೆ ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡು, ಸಂಜೆ ಮಾತ್ರ ಕ್ಲಿನಿಕ್ಕು ತೆರೆಯುವ ದಂತವೈದ್ಯೆಯೊಬ್ಬಳ ಬಳಿ ಬರುತ್ತಾನೆ. ಪಿಶಾಚಿಗಳು ಕನ್ನಡಿಯಲ್ಲಿ ಕಾಣುವುದಿಲ್ಲವಷ್ಟೆ? ಹಾಗಾಗಿ ಅವಳು ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟರೆ ಅಲ್ಲಿ ಹಲ್ಲೂ ಇಲ್ಲ, ಬಾಯೂ ಇಲ್ಲ. ಕನ್ನಡಿ ಒರೆಸುತ್ತಾಳೆ, ಬೇರೆ ಕನ್ನಡಿ ತರಿಸುತ್ತಾಳೆ, ಸಹಾಯಕಿಯನ್ನು ಬೈಯುತ್ತಾಳೆ. ಕೊನೆಗೆ ಬೇರೆ ದಾರಿ ಕಾಣದೆ ತಲೆಯನ್ನೇ ಅವನ ಬಾಯ ಹತ್ತಿರ ತಂದು ಬಗ್ಗಿ ನೋಡುತ್ತಾಳೆ. ಅವಳ ಕುತ್ತಿಗೆ ಅವನ ಹಲ್ಲಿನಿಂದ ಒಂದು ಗೇಣು ದೂರದಲ್ಲಿದೆ. ಅವನೋ, ನೋವಿನಿಂದ 'ಅಮ್ಮಾ' ಎನ್ನುತ್ತಿದ್ದಾನೆ. ಅಲ್ಲಿಂದ ಪ್ರೇಮ ಶುರು. ಇದರಲ್ಲಿ ಕೆಟ್ಟುಹೋಗುವ ಅಭಿರುಚಿ ಯಾರದು ಸ್ವಾಮಿ? ಹಲ್ಲಿನ ಡಾಕ್ಟರುಗಳದೇ?

ಪ್ರತಿ ಶನಿವಾರ ಮಧ್ಯಾಹ್ನ ತಮ್ಮ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾವು ಏಳೆಂಟು ಓದುಗರು ಸೇರುತ್ತಿದ್ದೆವು. ಒಂದೇ ಪುಸ್ತಕ ಓದಿ ಬಂದು, ಒಬ್ಬೊಬ್ಬರಾಗಿ ಅನಿಸಿದ್ದನ್ನು ಹೇಳುವುದು, ಅಷ್ಟೇ. ನಡೆಸುತ್ತಿದ್ದವರು ತಮ್ಮ ಕೈಕೆಳಗಿನ ಗ್ರಂಥಪಾಲಕಿ. ಮೃದು ಮಾತಿನ ಹೆಂಗಸು, ಜಗಳ ಜೋರಾದರೆ ಕಿಟಕಿ ಮುಚ್ಚುತ್ತಿದ್ದರೇ ಹೊರತು ಬಾಯಿ ಮುಚ್ಚಿಸುತ್ತಿರಲಿಲ್ಲ. ಅಲ್ಲಿಗೆ ಅತ್ತೆಯನ್ನು ಎಳೆದುಕೊಂಡು ಹೋದವಳು ನಾನು. ಮಾವ ತೀರಿಕೊಂಡ ಮೇಲೆ ಅತ್ತೆ ಮಾತನ್ನೇ ಮರೆತಂತಿದ್ದರು. ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಈ ಪುಸ್ತಕ ಮನೆಗೆ ಬಂದ ವಾರ, ಅಡುಗೆಮನೆಯಿಂದ ಕುಕ್ಕರಿನ ಸೀಟಿಯ ಜೊತೆಗೆ ಇನ್ನೊಂದು ಸದ್ದು ಕೇಳಿ ನಾನು ಓಡಿಹೋದೆ. ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. "ಇವನಿಗೆ ಹಲ್ಲು ಕೀಳಿಸ್ಕೊಳ್ಳೋಕೆ ಭಯ ಅಂತೆ ಕಣೇ! ಇಷ್ಟು ಜನಾನ ಕಚ್ಚಿದೋನಿಗೆ!" ಅಂದರು. ನಾನು ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವರ ಅಷ್ಟು ಉದ್ದದ ನಗು ಕೇಳಿರಲಿಲ್ಲ.

ಆ ಶನಿವಾರ ಚರ್ಚೆ ಪುಸ್ತಕದ ಮುಕ್ತಾಯಕ್ಕೆ ಬಂದು ನಿಂತಿತು. ಕೊನೆಯಲ್ಲಿ ಅವನು, "ನನ್ನ ಹಾಗೇ ಆಗಿಬಿಡು, ಸಾವಿಲ್ಲದೆ ಎಂದೆಂದಿಗೂ ಜೊತೆಯಲ್ಲಿರೋಣ" ಎಂದು ಕೇಳುತ್ತಾನೆ. ಅವಳು ಯೋಚಿಸಿ, "ಬೇಡ. ಆರು ತಿಂಗಳಿಗೊಮ್ಮೆ ಹಲ್ಲು ತೋರಿಸೋಕೆ ಬಾ, ನಾನಿರೋವರೆಗೂ ನೋಡ್ತೀನಿ" ಅನ್ನುತ್ತಾಳೆ. ನಮ್ಮಲ್ಲೊಬ್ಬರು ಗಡಿಯಾರ ರಿಪೇರಿಯ ಯಜಮಾನರು, ಹೆಂಡತಿಯನ್ನು ಕಳೆದುಕೊಂಡವರು. ಅವರಿಗೆ ಈ ಉತ್ತರ ಕೇಳಿ ಮೈಯೆಲ್ಲ ಉರಿದುಹೋಗಿತ್ತು.

"ಇದೇನ್ರೀ ಪ್ರೀತಿ ಇದು? ಕೊಬ್ಬು!" ಎಂದು ಮೇಜು ಗುದ್ದಿದರು. "ನನಗೆ ಆ ಪಿಶಾಚಿ ಸಿಕ್ಕಿದ್ದಿದ್ರೆ ಕಾಲಿಗೆ ಬಿದ್ದು ಬೇಡ್ಕೊಂಡು ನನ್ನವಳ ಕುತ್ತಿಗೆ ತೋರಿಸ್ತಿದ್ದೆ. ಇರಲಿ, ರಕ್ತ ಕುಡಿದಾದ್ರೂ ಬದುಕಿರಲಿ ಅಂತ."

ಆಗ ನನ್ನ ಅತ್ತೆ, ಅದುವರೆಗೂ ಆ ಕೋಣೆಯಲ್ಲಿ ತುಟಿ ಪಿಟಕ್ಕೆನ್ನದವರು, ಎದ್ದೇ ನಿಂತರು.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ. ಆ ಹುಡುಗಿ ಬೇಡ ಅಂದಿದ್ದು ಸರಿಯಾಗೇ ಇದೆ. ಪ್ರೀತಿ ಇಲ್ಲ ಅಂತಲ್ಲ. ಒಂದಿನ ಮುಗಿಯುತ್ತೆ ಅಂತ ಗೊತ್ತಿರೋದ್ರಿಂದಲೇ ಮನುಷ್ಯ ತಡ್ಕೊಳ್ಳೋದು. ಮುನ್ನೂರು ವರ್ಷ ಒಬ್ಬನಿಗೇ ಅಡುಗೆ ಮಾಡೋಕಾಗುತ್ತಾ?" ಕೋಣೆಯೆಲ್ಲ ನಗು. ಅತ್ತೆ ಮಾತ್ರ ನಗಲಿಲ್ಲ. "ನಮ್ಮನೆಯವ್ರು ಒಳ್ಳೆಯವ್ರೇ. ಹೋದಾಗ ಹೊಟ್ಟೆ ಉರಿದುಕೊಂಡು ಅತ್ತಿದೀನಿ. ಆಮೇಲೆ ಒಂದಿನ ಬೆಳಿಗ್ಗೆ ಎಚ್ಚರ ಆಯ್ತು. ಯಾರೂ ಕೂಗ್ತಿಲ್ಲ ಅಂತ ಗೊತ್ತಾಗಿ, ಮಗ್ಗುಲು ಬದಲಾಯಿಸಿ ಮತ್ತೆ ಮಲಗಿದೆ. ಹಾಯಾಗಿತ್ತು. ಯಾರಿಗೂ ಹೇಳಿರ್ಲಿಲ್ಲ ಇದನ್ನ. ರಕ್ತ ಹೀರೋಕೆ ಹಲ್ಲೇ ಬೇಕು ಅಂತೇನಿಲ್ಲ ನೋಡಿ. ಒಂದೊಂದ್ಸಲ 'ಏನೇ, ಎಲ್ಲಿದೀಯೇ' ಅಂತ ಕರೆದ್ರೂ ಸಾಕು."

ಮೇಜು ಗುದ್ದಿದ ಯಜಮಾನರು ಕೈ ಹಿಂದಕ್ಕೆಳೆದುಕೊಂಡು, "ನನಗೆ ಒಪ್ಪಿಗೆ ಇಲ್ಲ" ಅಂದರು. "ಒಪ್ಪಿ ಅಂತ ನಾನೆಲ್ಲಿ ಹೇಳಿದೆ?" ಅಂದರು ಅತ್ತೆ. ಇಬ್ಬರ ಕಣ್ಣೂ ತುಂಬಿತ್ತು. ಹೊತ್ತು ಮೀರಿತ್ತು. ಗ್ರಂಥಪಾಲಕಿ, "ಮುಂದಿನ ವಾರ ಉಳಿದವರು" ಎಂದು ಎದ್ದರು. ಉಳಿದವರಲ್ಲಿ ಮೊದಲನೆಯವಳು ನಾನು.

ಆ ಮುಂದಿನ ವಾರ ಬರಲೇ ಇಲ್ಲ. ಯಾರೋ ತಮಗೆ ದೂರು ಕೊಟ್ಟರಂತೆ, ವಯಸ್ಸಾದ ಹೆಂಗಸೊಬ್ಬಳು ತೀರಿಹೋದ ಗಂಡನನ್ನು ಸಾರ್ವಜನಿಕ ಕಟ್ಟಡದಲ್ಲಿ ಪಿಶಾಚಿ ಎಂದು ಕರೆದಳೆಂದು. ಕರೆದದ್ದು ಹಾಗಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೆ ಮಾತಿಗೆ ಕಾಲು ಬರುವುದು ಎಷ್ಟು ಹೊತ್ತಿನ ಕೆಲಸ? ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಯಾವುದೋ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ಬಿಚ್ಚಿಕೊಂಡು ಕೂತಿದ್ದಾಗ ಪರಿಚಯದವರೊಬ್ಬರು, "ಏನಪ್ಪಾ, ನಿಮ್ಮಮ್ಮ ನಿಮ್ಮಪ್ಪನ್ನ ಪಿಶಾಚಿ ಅಂದ್ರಂತೆ?" ಎಂದು ಕೇಳಿ ನಕ್ಕು ಹೋದರಂತೆ. ಗಂಡ ಮನೆಗೆ ಬಂದು ತಾಯಿಯ ಮುಖ ನೋಡದೆ ಊಟ ಮಾಡಿದರು. ತಟ್ಟೆ ತೊಳೆಯುವಾಗ ನನಗೆ ಮಾತ್ರ ಕೇಳುವಂತೆ, "ಅಪ್ಪ ಬದುಕಿದ್ದಾಗ ಹೇಳ್ಬೇಕಿತ್ತು. ಸತ್ತ ಮೇಲೆ ಊರ ಮುಂದೆ ಹೇಳೋದು ಯಾವ ನ್ಯಾಯ?" ಅಂದರು. ಅತ್ತೆಯ ಕಿವಿ ಚುರುಕು. ಕೇಳಿಸಿತು.

ಅಷ್ಟರಲ್ಲಿ ತಮ್ಮ ಆದೇಶ ಸೂಚನಾ ಫಲಕದ ಮೇಲೆ ಬಂದು ಕೂತಿತು. ಆ ಕಾದಂಬರಿಯ ಎರವಲು ನಿಲ್ಲಿಸಲಾಗಿದೆ. ಓದುಗರ ಸಭೆಯನ್ನು ಮುಂದಿನ ಸೂಚನೆಯವರೆಗೆ ರದ್ದುಪಡಿಸಲಾಗಿದೆ. ಇನ್ನು ಮೇಲೆ ಓದುಗರ ಅಭಿಪ್ರಾಯಗಳು 'ಕಥಾವಸ್ತು, ಭಾಷೆ ಹಾಗೂ ಮುದ್ರಣದ ಗುಣಮಟ್ಟಕ್ಕೆ ಸೀಮಿತವಾಗಿರತಕ್ಕದ್ದು, ವೈಯಕ್ತಿಕವಾಗಿರಕೂಡದು'. ಆಹಾ! ಅಭಿಪ್ರಾಯ ವೈಯಕ್ತಿಕವಾಗಿರಕೂಡದು! ಹಸಿವು ವೈಯಕ್ತಿಕವಾಗಿರಕೂಡದು, ಕೆಮ್ಮು ಸಾಮೂಹಿಕವಾಗಿರತಕ್ಕದ್ದು ಎಂದೂ ಒಂದು ಸಾಲು ಸೇರಿಸಬಹುದಿತ್ತು. ನಗುವ ಕಾದಂಬರಿಯೊಂದನ್ನು ಓದಿದ ಮನುಷ್ಯ ಕಾಗದ ದಪ್ಪವಾಗಿದೆ, ಅಕ್ಷರ ದುಂಡಗಿದೆ ಎಂದಷ್ಟೇ ಹೇಳಿ ಮನೆಗೆ ಹೋಗಬೇಕೇ? ಹಾಗಾದರೆ ಓದುಗರೇಕೆ, ತೂಕದ ಯಂತ್ರ ಸಾಲದೇ?

ಆದೇಶ ಸಾಲದೆಂಬಂತೆ ಅತ್ತೆಯನ್ನು ತಮ್ಮ ಕೋಣೆಗೆ ಕರೆಸಿದಿರಿ. ನಾನು ರಜೆ ಹಾಕಿ ಜೊತೆಗೆ ಬಂದಿದ್ದೆ, ನೆನಪಿರಬಹುದು. ತಮ್ಮ ಎದುರಿಗಿದ್ದ ಎರಡು ಕುರ್ಚಿಗಳ ಮೇಲೂ ಕಡತಗಳು ಆರಾಮಾಗಿ ಕೂತಿದ್ದವು. ಮಂಡಿನೋವಿನ ನನ್ನ ಅತ್ತೆ ನಿಂತಿದ್ದರು. "ಏನಮ್ಮಾ, ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಮೊಮ್ಮಕ್ಕಳು ಕೇಳಿದ್ರೆ ಏನು ತಿಳ್ಕೋತಾರೆ?" ಎಂದು ಕೇಳಿದಿರಿ. ನಮಗೆ ಮಕ್ಕಳಿಲ್ಲ ಸ್ವಾಮಿ. ಆ ಮಾತು ಅವರಿಗೆ ಎಲ್ಲಿ ತಾಗಿತು, ನನಗೆ ಎಲ್ಲಿ ತಾಗಿತು ಎಂಬುದನ್ನು ಬಿಡಿ. ನಾನು, "ಪುಸ್ತಕ ಓದಿದೀರಾ ಸರ್?" ಎಂದು ಕೇಳಿದ್ದಕ್ಕೆ, "ಅಂಥದ್ದನ್ನೆಲ್ಲ ಓದೋಕೆ ನನಗೆ ಟೈಮಿಲ್ಲ" ಅಂದಿರಿ. ಗ್ರಂಥಪಾಲಕಿ ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದರು. ಅತ್ತೆ, "ಇನ್ಮೇಲೆ ಬರಲ್ಲ ಸಾರ್" ಎಂದು ಕೈ ಮುಗಿದರು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡರು. ದಿನವಿಡೀ ಜನರ ತೋಳು ಹಿಡಿಯುವವಳು ನಾನು. ಹೆದರಿದವರ ಹಿಡಿತ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ನಮ್ಮ ಮನೆಗೆ ಒಂದು ತಳಮಳ ಹಿಡಿಯಿತು. ಅತ್ತೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಸುಮ್ಮನೆ ನಡೆಯುತ್ತಿದ್ದರು. ಹಾಲು ಉಕ್ಕಿದರೂ ನೋಡುತ್ತ ನಿಲ್ಲುತ್ತಿದ್ದರು. ಗಂಡ ಟಿವಿ ಹಾಕುತ್ತಿದ್ದರು, ಆರಿಸುತ್ತಿದ್ದರು. ಚೆನ್ನಾಗಿಯೇ ಇದ್ದ ಫ್ಯಾನನ್ನು ಬಿಚ್ಚಿ ಮತ್ತೆ ಜೋಡಿಸಿದರು. ಮೂವರೂ ಒಬ್ಬರಿಗೊಬ್ಬರು ದಾರಿ ಬಿಡುತ್ತ ಓಡಾಡುತ್ತಿದ್ದೆವು, ಮಾತಿಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಗಡಿಯಾರದ ಯಜಮಾನರು ಬಾಗಿಲು ತಟ್ಟಿದರು. ಕೈಯಲ್ಲಿ ಆ ಕಾದಂಬರಿಯ ಅವರದೇ ಸ್ವಂತ ಪ್ರತಿ, ಮೂಲೆಗಳೆಲ್ಲ ಮಡಚಿದ್ದವು. ಅತ್ತೆ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಯಜಮಾನರು ಬಾಗಿಲಲ್ಲೇ ನಿಂತು ಒಳಗೆ ಕೇಳುವಷ್ಟು ಜೋರಾಗಿ ನನ್ನ ಗಂಡನಿಗೆ ಹೇಳಿದರು: "ದೂರು ಕೊಟ್ಟವನು ನಾನಲ್ಲ ಅಂತ ಹೇಳ್ಬಿಟ್ಟು ಹೋಗೋಣ ಅಂತ ಬಂದೆ. ಜಗಳ ಆಡಿದ್ದು ಹೌದು. ಆದ್ರೆ ನನ್ನ ಹೆಂಡತಿ ಹೋದ ಮೇಲೆ ಎಲ್ರೂ 'ಪಾಪ' ಅಂತಾರೇ ಹೊರತು ಎದುರಾಡಿದೋರು ಯಾರೂ ಇಲ್ಲ. ನಿಮ್ಮ ತಾಯಿಯವರು ಎದುರಾಡಿದ್ರು. ಅವತ್ತು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತಪ್ಪ." ಪುಸ್ತಕವನ್ನು ನನ್ನ ಗಂಡನ ಕೈಗೆ ತುರುಕಿದರು. "ನೀನೂ ಓದು. ಓದಿ ಯಾರ ಪಕ್ಷ ಅಂತ ಹೇಳು."

ಅಮ್ಮನನ್ನು ಕೆಡಿಸುವಂಥದ್ದು ಇದರಲ್ಲಿ ಏನಿದೆ ಎಂದು ಹುಡುಕುವ ಹಟದಲ್ಲೇ ನನ್ನ ಗಂಡ ಓದಲು ಕೂತರು. ಮುಖ ಗಂಟು ಹಾಕಿಕೊಂಡು ಒಂದಷ್ಟು ಪುಟ ಓದಿದರು. ಕನ್ನಡಿಯ ಪ್ರಸಂಗಕ್ಕೆ ಬಂದಿರಬೇಕು, ಮೂಗಿನಿಂದ ಒಂದು ಸದ್ದು ಬಂತು. ತಡೆದುಕೊಂಡರು. ಮತ್ತೆ ಬಂತು. ಆಮೇಲೆ ಕುರ್ಚಿಯೇ ಅಲುಗಾಡುವ ಹಾಗೆ ನಕ್ಕರು.

ಒಳಕೋಣೆಯ ಬಾಗಿಲು ತೆರೆಯಿತು. ಅತ್ತೆ ಇಣುಕಿ ಕೇಳಿದರು, "ಯಾವ ಪುಟ?"

ಮಗ ತೋರಿಸಿದರು. ಅತ್ತೆ ಬಂದು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತು ಇಬ್ಬರೂ ಒಂದೇ ಪುಟ ನೋಡಿದರು. ಆಮೇಲೆ ಮಗ ಪುಸ್ತಕದಿಂದ ತಲೆಯೆತ್ತದೆ ಕೇಳಿದರು, "ಅಪ್ಪನ ಜೊತೆ ಅಷ್ಟು ಕಷ್ಟ ಇತ್ತೇನಮ್ಮಾ?"

"ಕಷ್ಟ ಅಂತಲ್ಲ ಕಣೋ. ಉಸಿರು ಬಿಡೋಕೆ ಪುರುಸೊತ್ತಿರ್ಲಿಲ್ಲ."

"ನನಗೆ ಅಪ್ಪ ಯಾವತ್ತೂ ಹಾಗೆ ಕಾಣ್ಲಿಲ್ಲ."

"ನಿನಗೆ ಅಪ್ಪ. ನನಗೆ ಗಂಡ. ಇಬ್ರೂ ಬೇರೆ ಬೇರೆ ಮನುಷ್ಯರು ಕಣೋ. ನಿನ್ನ ಅಪ್ಪನ್ನ ನಾನು ಒಂದು ಮಾತೂ ಅಂದಿಲ್ಲ."

ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಮಧ್ಯಾಹ್ನ ಕಳೆದು, ಊಟ ಆರಿ ತಣ್ಣಗಾದ ಮೇಲೆ ಬಂದರು. ಕೈ ತೊಳೆದು ತಾಯಿಯ ಎದುರಿಗೇ ಕೂತು, "ಸರಿ, ಕೊನೆಗೆ ಆ ಡಾಕ್ಟ್ರು ಒಪ್ಕೋತಾಳೋ ಇಲ್ವೋ?" ಎಂದು ಕೇಳಿದರು. "ಓದ್ಕೋ. ನಾನು ಹೇಳಲ್ಲ" ಅಂದರು ಅತ್ತೆ. ಎಲ್ಲವೂ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಗೋಡೆಯ ಮೇಲಿನ ಮಾವನ ಫೋಟೋ ನೋಡಿದಾಗ ಈಗಲೂ ನನ್ನ ಗಂಡನ ಮುಖ ಒಂದು ಕ್ಷಣ ಕುಗ್ಗುತ್ತದೆ. ಆದರೆ ಮನೆಯಲ್ಲಿ ಮಾತು ಶುರುವಾಗಿದೆ. ತಾವು ತಪ್ಪಿಸಲು ನೋಡಿದ್ದು ಇದನ್ನೇ ಅಲ್ಲವೇ?

ಸ್ವಾಮಿ, ಮನೆ ಒಡೆಯುವುದು ಪುಸ್ತಕದಿಂದಲ್ಲ, ಅರ್ಧ ಕೇಳಿದ ಮಾತಿನಿಂದ. ದೂರುದಾರರು ಅರ್ಧ ಕೇಳಿದರು, ತಾವು ಅದನ್ನೂ ಕೇಳದೆ ಸಹಿ ಹಾಕಿದಿರಿ. ಆ ಕೋಣೆಯಲ್ಲಿ ಒಬ್ಬರು ಸಾವನ್ನು ಒಪ್ಪಲಾರೆ ಎಂದರು, ಇನ್ನೊಬ್ಬರು ಸಾವಿನ ನಂತರ ಉಸಿರು ಬಂತು ಎಂದರು. ಎರಡೂ ನಿಜ. ಇಂಥ ಮಾತನ್ನು ಮನೆಯಲ್ಲಿ ಆಡಲು ಬಾಯಿ ಬರುವುದಿಲ್ಲ. ಹುಳುಕು ಹಲ್ಲಿನ ಪಿಶಾಚಿಯೊಬ್ಬ ಅಡ್ಡ ನಿಂತರೆ, ಅವನ ನೆಪದಲ್ಲಿ ಹೇಗೋ ಬರುತ್ತದೆ. ಅದಕ್ಕಲ್ಲದೆ ಇನ್ನಾವುದಕ್ಕೆ ಜನ ಕಥೆ ಓದುತ್ತಾರೆ?

ಈಗ ನಾವು ಶನಿವಾರಗಳಂದು ತಮ್ಮ ಕಟ್ಟಡದ ಗೇಟಿನ ಹೊರಗೆ ನಿಂತು ಮಾತಾಡುತ್ತೇವೆ. ಕೂರಲು ಜಾಗವಿಲ್ಲದ್ದರಿಂದ ಓಡಾಡುತ್ತಲೇ ವಾದಿಸುತ್ತೇವೆ. ಕಳೆದ ವಾರ ಅತ್ತೆಯೂ ಬಂದರು. ಗಡಿಯಾರದ ಯಜಮಾನರು ಅವರನ್ನು ಕಂಡದ್ದೇ, "ಬನ್ನಿ, ಬನ್ನಿ, ಇನ್ನೂ ಒಪ್ಪಿಲ್ಲ ನಾನು!" ಎಂದು ದೂರದಿಂದಲೇ ಕೂಗಿದರು. ತಮ್ಮ ಕಾವಲುಗಾರ ಬಂದು, "ಏನಿದು, ಮೀಟಿಂಗಾ?" ಎಂದು ಗದರಿದ.

"ಅಲ್ಲಪ್ಪ, ಬಸ್ಸಿಗೆ ಕಾಯ್ತಿದೀವಿ" ಅಂದರು ಅತ್ತೆ.

"ಈ ರಸ್ತೇಲಿ ಬಸ್ ಬರಲ್ವಲ್ಲಮ್ಮಾ?"

"ಅದಕ್ಕೇ ಇನ್ನೂ ಕಾಯ್ತಿದೀವಿ."

ನನ್ನ ಬೇಡಿಕೆ ದೊಡ್ಡದೇನಲ್ಲ. ಫಲಕದ ಮೇಲಿನ ಆದೇಶ ಕಿತ್ತುಹಾಕಿ. ಹಿಂದಿನ ಕೋಣೆಯನ್ನು ಶನಿವಾರ ಮಧ್ಯಾಹ್ನ ತೆರೆಯಿರಿ, ಆ ಗ್ರಂಥಪಾಲಕಿಗೆ ತಲೆಯೆತ್ತಿ ನಡೆಸಲು ಬಿಡಿ. ನನ್ನ ಅತ್ತೆಯ ಬಳಿ, ಅವರು ಕೂತಿರುವಾಗ, ತಾವು ನಿಂತು ಕ್ಷಮೆ ಕೇಳಿ. ಕೊನೆಯದಾಗಿ, ಆ ಕಾದಂಬರಿಯನ್ನು ಓದಿ ಬಂದು ತಮ್ಮ ಅಭಿಪ್ರಾಯವನ್ನೂ ಹೇಳಿ. ವೈಯಕ್ತಿಕವಾದದ್ದನ್ನೇ ಹೇಳಿ, ಯಾರೂ ದೂರು ಕೊಡದಂತೆ ನಾವು ನೋಡಿಕೊಳ್ಳುತ್ತೇವೆ. ಪ್ರತಿ ಸಿಗುವುದಿಲ್ಲವೆಂಬ ನೆಪ ಮಾತ್ರ ಬೇಡ. ಪುಸ್ತಕ ತಮ್ಮ ಬೀರುವಿನಲ್ಲೇ ಇದೆ, ಬೀಗದಕೈ ತಮ್ಮ ಜೇಬಿನಲ್ಲೇ ಇದೆ. ಇಡೀ ಊರಿನಲ್ಲಿ ಅದನ್ನು ಓದಲು ತಮಗಿರುವಷ್ಟು ಅನುಕೂಲ ಇನ್ನಾರಿಗೂ ಇಲ್ಲ.

ಇಂತಿ,
ಸರದಿ ಬರುವ ಮೊದಲೇ ಸಭೆ ರದ್ದಾದ್ದರಿಂದ ತನ್ನ ಅಭಿಪ್ರಾಯವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಓಡಾಡುತ್ತಿರುವ,
ರಕ್ತ ತೆಗೆಯುವ ಸೊಸೆ