ನದಿಯಲ್ಲಿ ಮನೆ ಕಟ್ಟಿದವನ ಹಾಳೆ

ಮನೆ, ಮಹಡಿಯ ಕೋಣೆ
ಮಾರ್ಚ್ ಹದಿನಾಲ್ಕು, ಶನಿವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಅತ್ತೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಬಾಟಲಿ ಕಿಟಕಿಯಲ್ಲಿ ಅಲಂಕಾರಕ್ಕೆ ಕೂತಿದೆಯಾ? ಕನ್ನಡಕದ ಕಾಲಿಗೆ ಇನ್ನೂ ದಾರವನ್ನೇ ಸುತ್ತಿಕೊಂಡಿದ್ದೀಯಂತೆ, ಅತ್ತೆ ಚಾಡಿ ಹೇಳಿದಳು. ಫೋನಿಗೆ ಬಂದರೆ ನೀನು ‘ಹೂಂ’ ಬಿಟ್ಟು ಬೇರೆ ಮಾತಾಡುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಹೂಂಗುಟ್ಟಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಿನ್ನ ಅಳತೆ ಸರಪಳಿ ನೀನು ತೂಗುಹಾಕಿ ಹೋದ ಮೊಳೆಯಲ್ಲೇ ಇದೆ.

ಈಗ ಸುದ್ದಿ. ನಮ್ಮ ಆಫೀಸು ಊರಿನ ಆಂಬುಲೆನ್ಸ್‌ಗಳಿಗೆ ನಕ್ಷೆ ಮಾಡಿಕೊಡುತ್ತಿದೆ. ಚಾಲಕರ ಹಳೆಯ ಫೋನುಗಳಲ್ಲಿ ಅದು ತೆರೆದುಕೊಳ್ಳುವಷ್ಟರಲ್ಲಿ ರೋಗಿ ತಾನೇ ನಡೆದು ಆಸ್ಪತ್ರೆ ಸೇರಿಬಿಡಬಹುದು, ಅಷ್ಟು ಭಾರ. ಒಂದೊಂದು ಓಣಿಯ ಗೆರೆಯಲ್ಲೂ ಸಾವಿರಾರು ಚುಕ್ಕಿಗಳು. ಸೊಪ್ಪು ಬಿಡಿಸಿದ ಹಾಗೆ ಬೇಡದ ಚುಕ್ಕಿ ಕಿತ್ತು, ಆಕಾರ ಕೆಡದಂತೆ ಗೆರೆಯನ್ನು ಹಗುರ ಮಾಡುವುದು ನನ್ನ ಕೆಲಸ. ಗೆರೆ ಎಷ್ಟು ಸರಿದರೆ ಪರವಾಗಿಲ್ಲ ಎಂದು ಕಂಪ್ಯೂಟರಿಗೆ ಒಂದು ಅಂಕಿ ಹೇಳಬೇಕು. ಐದು ಮೀಟರ್ ಸಾಕೆಂದು ನಾನು ಐದು ಒತ್ತಿದೆ. ಆದರೆ ನಕ್ಷೆಯ ಕೆಲವು ಹಾಳೆಗಳು ಮೀಟರಿನಲ್ಲಿದ್ದರೆ, ನದಿಪಕ್ಕದ ಬಡಾವಣೆಯ ಹಾಳೆ ಅಕ್ಷಾಂಶ ರೇಖಾಂಶಗಳ ಡಿಗ್ರಿಯಲ್ಲಿತ್ತು. ಅಲ್ಲಿ ಐದು ಎಂದರೆ ಐನೂರು ಕಿಲೋಮೀಟರಿಗೂ ಹೆಚ್ಚು. ಮೆಟ್ಟಿಲು ಓಣಿಗಳೆಲ್ಲ ಕಣ್ಣೆದುರೇ ಕುಸಿದು ಒಂದು ತ್ರಿಕೋನವಾದವು. “ಎಷ್ಟು ಅಂತ ಆಮೇಲೆ ಕೇಳು, ಯಾವ ಅಳತೆಕೋಲು ಅಂತ ಮೊದಲು ಕೇಳು” ಎಂದು ನೀನು ನನಗೆ ಆರು ವರ್ಷವಿದ್ದಾಗಲೇ ಹೇಳಿದ್ದೆ. ಅಪ್ಪನ ಮಾತು ಕೇಳುವ ಮಗಳು ನೋಡು ನಾನು.

ಮೇಲಧಿಕಾರಿ ಬಂದು ತ್ರಿಕೋನ ನೋಡಿದರು. “ಅದು ನದೀಲಿ ಮನೆ ಕಟ್ಟಿದವನ ಹಾಳೆ, ಬಿಟ್ಟಾಕಮ್ಮ. ಶುಕ್ರವಾರ ನಕ್ಷೆ ಕೊಡಬೇಕು” ಎಂದರು. ಆ ಹೆಸರು ಯಾರಿಗೆ ಬಿದ್ದದ್ದೆಂದು ನಿನಗೆ ಹೇಳಬೇಕಾಗಿಲ್ಲ. ಆರು ವರ್ಷದ ಹಿಂದೆ ಊರಿನ ನಕ್ಷೆಯನ್ನು ತೋರಿಸಿದ ದಿನ ಸಭಾಂಗಣದ ಪರದೆಯ ಮೇಲೆ ನೀನು ಅಳೆದ ಮನೆಗಳು ನದಿಯ ನಡುವೆ ಕಾಣಿಸಿಕೊಂಡವು, ಸಭೆಯೆಲ್ಲ ನಕ್ಕಿತು, ನೀನು ಸರಪಳಿಯನ್ನು ಮೊಳೆಗೆ ಹಾಕಿ ಅತ್ತೆಯ ಊರಿಗೆ ಹೊರಟುಬಿಟ್ಟೆ. ನಾನು ಯಾರ ಮಗಳೆಂದು ಈ ಮೇಲಧಿಕಾರಿಗೆ ಗೊತ್ತಿರಲಿಲ್ಲ. ನಾನು ಹೇಳಿಯೂ ಇರಲಿಲ್ಲ. ಆದರೆ ಮರಗಳಡಿ ಮುಚ್ಚಿಹೋದ ಆ ಓಣಿಗಳನ್ನು ನಿನ್ನ ನಂತರ ಯಾರೂ ಅಳೆದಿಲ್ಲ. ಹಾಳೆ ಬಿಟ್ಟರೆ ಅಲ್ಲಿನ ನಲವತ್ತೆರಡು ಮನೆಗಳು ಆಂಬುಲೆನ್ಸಿನ ಪಾಲಿಗೆ ಇಲ್ಲವೇ ಇಲ್ಲ.

ಉಗ್ರಾಣಕ್ಕೆ ಹೋಗಿ ನಿನ್ನ ಮೂಲ ಹಾಳೆಯನ್ನು ಹುಡುಕಿ ತೆಗೆದೆ. ಸೀನಿ ಸೀನಿ ಮೂಗು ಕೆಂಪಾಯಿತು. ಬಲಗಡೆಯ ಮೂಲೆಯಲ್ಲಿ ನಿನ್ನ ಪೆನ್ಸಿಲ್ ಅಕ್ಷರ, ಇರುವೆ ಸಾಲಿನಷ್ಟು ಸಣ್ಣದು: ‘ಹಳೆಯ ಮಾಪನ ಪದ್ಧತಿ. ಅಳತೆಯ ಆರಂಭ, ನೀರಿನ ಟ್ಯಾಂಕಿನ ಬುಡದ ಕಲ್ಲು.’ ಅಕ್ಷಾಂಶ ರೇಖಾಂಶಗಳನ್ನು ಎಲ್ಲಿಂದ ಎಣಿಸಬೇಕೆಂಬ ಪದ್ಧತಿ ನಿನ್ನ ಕಾಲದ್ದೇ ಬೇರೆ, ಈಗಿನದೇ ಬೇರೆ. ಹಾಳೆಯನ್ನು ಕಂಪ್ಯೂಟರಿಗೆ ಏರಿಸಿದ ಪುಣ್ಯಾತ್ಮ ಆ ಮೂಲೆಯನ್ನು ಓದದೆ, ಹೊಸ ಪದ್ಧತಿಯದೆಂದು ನಮೂದಿಸಿಬಿಟ್ಟಿದ್ದ. ನಿನ್ನ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ, ಅಪ್ಪಾ.

ಪದ್ಧತಿ ಸರಿಪಡಿಸಿದೆ. ಎಲ್ಲ ಹಾಳೆಗಳನ್ನೂ ಮೊದಲು ಒಂದೇ ಪದ್ಧತಿಯ ಮೀಟರಿಗೆ ತಂದೆ. ಆಮೇಲಷ್ಟೇ ಐದು ಒತ್ತಿದೆ. ನಿನ್ನ ಮನೆಗಳು ತೊಂಬತ್ತಮೂರು ಮೀಟರ್ ಜರುಗಿ ದಡಕ್ಕೆ ಬಂದು ಕೂತವು. ಪಕ್ಕದ ಹಾಳೆಯ ಸೇತುವೆಗೂ ನಿನ್ನ ಮೊದಲ ಮೆಟ್ಟಿಲಿಗೂ ಹೊಂದಿಸಿ ನೋಡಿದರೆ ವ್ಯತ್ಯಾಸ ಒಂದು ಗೇಣು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮೇಲಧಿಕಾರಿ ಪೆನ್ಸಿಲ್ ಬರಹವನ್ನು ಎರಡು ಸಲ ಓದಿ, “ಯಾರ ಅಕ್ಷರ ಇದು?” ಎಂದರು. “ನಮ್ಮಪ್ಪಂದು” ಎಂದೆ, ಇಡೀ ಆಫೀಸಿಗೆ ಕೇಳುವ ಹಾಗೆ. ಅವರು ಕನ್ನಡಕ ತೆಗೆದು, “ಎಂಥ ಕೆಲಸ ಮಾಡಿಬಿಟ್ವಿ ನಾವು” ಎಂದರು.

ನಿನ್ನೆ ಬೆಳಿಗ್ಗೆ ನಕ್ಷೆ ಚಾಲಕರ ಕೈ ಸೇರಿತು, ಮಧ್ಯಾಹ್ನವೇ ಕರೆ ಬಂತು. ನಿನ್ನ ಹಾಳೆಯ ಕಟ್ಟಕಡೆಯ ಮನೆಯ ಮುದುಕಿ ಜಾರಿಬಿದ್ದಿದ್ದಳು. ಚಾಲಕ ಒಬ್ಬರನ್ನೂ ದಾರಿ ಕೇಳದೆ ಒಂಬತ್ತು ನಿಮಿಷದಲ್ಲಿ ಅವಳ ಬಾಗಿಲಲ್ಲಿದ್ದ. ಸೊಂಟ ಮುರಿದಿದೆ, ಬಾಯಿ ಗಟ್ಟಿಯಾಗಿದೆ, ದಾದಿಯರನ್ನು ಬೈದುಕೊಂಡು ಮಲಗಿದ್ದಾಳೆ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಈ ಕಾಗದವನ್ನು ಅವಳಿಗೆ ಜೋರಾಗಿ ಓದಿ ಹೇಳು, ಗೇಣಿನ ಮಾತನ್ನು ಎರಡು ಸಲ.

ನಿನ್ನ ಹೆಮ್ಮೆಯ ತಲೆಹರಟೆ,
ಮಗಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಇದನ್ನು ಅತ್ತೆಗೆ ಓದಬೇಡ. ಆ ಸಭೆಯ ಹಿಂದಿನ ಸಾಲಿನಲ್ಲಿ ನಾನೂ ಇದ್ದೆ. ಎಲ್ಲರ ಜೊತೆ ನಾನೂ ನಕ್ಕೆ. ಆರು ವರ್ಷ ನಿನ್ನದೇ ತಪ್ಪೆಂದು ನಂಬಿದೆ. ಗುರುವಾರ ಅದೇ ಸಭಾಂಗಣದಲ್ಲಿ ಅದೇ ಪರದೆಯ ಮೇಲೆ ನಿನ್ನ ಹಾಳೆ ತೋರಿಸುತ್ತಾರೆ, ಅಳೆದವರ ಸಹಿ ಬೇಕಂತೆ. ರೈಲಿನ ಟಿಕೆಟ್ ಇದರೊಳಗೇ ಇದೆ. ಸರಪಳಿಯ ತುಕ್ಕು ಉಜ್ಜಿ ತೆಗೆದಿದ್ದೇನೆ. ಬೈಯುವುದಿದ್ದರೆ ಬಂದು ಬೈ ಅಪ್ಪಾ, ಈ ಸಲ ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ.