ಅವ್ವ ನಿನ್ನ ಫೋಟೋ ತೊಳೆದಳು

ಅಪ್ಪಾ,

ಹುಕ್ಕೇರಿಯಿಂದ ನಿನ್ನ ಸುನಂದಾ ಬರೆಯುತ್ತಿದ್ದೇನೆ. ಹೇಗಿದ್ದೀ ಎಂದು ಕೇಳುವ ಹಾಗಿಲ್ಲ, ಆದರೂ ಕೈ ಅದನ್ನೇ ಬರೆಯಲು ಹೋಗುತ್ತದೆ. ನಾವೆಲ್ಲ ಚೆನ್ನಾಗಿದ್ದೇವೆ. ಅವ್ವನ ಒಂದು ಸುದ್ದಿ ಹೇಳಬೇಕಿತ್ತು, ಅದಕ್ಕೇ ಕುಳಿತೆ. ಆದರೆ ನಿನಗೆ ಗೊತ್ತಲ್ಲ, ನನಗೆ ಯಾವ ಮಾತನ್ನೂ ನೇರವಾಗಿ ಹೇಳಲು ಬರುವುದಿಲ್ಲ. ಮೂಡಲಗಿಗೆ ಹೋಗು ಅಂದರೆ ಕೌಜಲಗಿ ಸುತ್ತಿಕೊಂಡು ಹೋಗುವವಳು ಎಂದು ನೀನೇ ನಗುತ್ತಿದ್ದೆ. ಇವತ್ತೂ ಸುತ್ತಿಕೊಂಡೇ ಬರುತ್ತೇನೆ, ಸ್ವಲ್ಪ ತಡೆದುಕೋ.

ಮೂಡಲಗಿ ಬಜಾರಿನ ನಮ್ಮ ಸ್ಟುಡಿಯೋ, ಅದರ ಹಿಂದಿನ ಆ ಕತ್ತಲೆ ಖೋಲಿ ನೆನಪಾಗುತ್ತದೆ. ನೀನು ಮುಂದೆ ಕ್ಯಾಮರಾ ಹಿಡಿದು ನಿಂತರೆ, ಅವ್ವ ಹಿಂದೆ ಕೆಂಪು ಬಲ್ಬಿನ ಬೆಳಕಿನಲ್ಲಿ ಸೀರೆ ಸಿಕ್ಕಿಸಿಕೊಂಡು ಫೋಟೋ ತೊಳೆಯುತ್ತಿದ್ದಳು. ನಾಗನೂರದ ಹೊಸ ಮದುಮಕ್ಕಳಿರಲಿ, ಪರೀಕ್ಷೆಯ ಅರ್ಜಿಗೆ ಫೋಟೋ ಬೇಕೆಂದು ಬಂದ ಹುಡುಗರಿರಲಿ, ಎಲ್ಲರ ಮುಖವೂ ಅವಳ ನೀರಿನಲ್ಲಿ ಮುಳುಗಿ ಎದ್ದೇ ಹೊರಗೆ ಬರಬೇಕಿತ್ತು. ಯಾರಾದರೂ ನಿನ್ನ ಕೈ ಹೊಗಳಿದರೆ ನೀನು ಹೇಳುತ್ತಿದ್ದೆ, "ತಗಿಯೂದಷ್ಟ ನಂದ್ರಿ. ತೊಳಿಯೂದು ಆಕಿದು. ಆಕಿ ಚಲೋತಂಗ ತೊಳೀಲಿಲ್ಲಂದ್ರ ವರ್ಷ ತುಂಬೂದ್ರಾಗ ನೀವೆಲ್ಲಾ ಹಳದಿ ಆಗ್ತೀರಿ ನೋಡ್ರಿ." ಒಳಗಿನಿಂದ ಅವ್ವನ ಬಳೆಯ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು. ಕೇಳಿಸಿಕೊಳ್ಳುತ್ತಿದ್ದಳು, ಕಳ್ಳಿ.

ನೀನು ಹೋದ ಮೇಲೆ ಅವಳನ್ನು ಹುಕ್ಕೇರಿಗೆ ಕರೆತಂದೆ. ಮಗಳ ಮನೆಯಲ್ಲಿ ತಾಯಿ ಬಂದು ಉಳಿಯುವುದೆಂದರೆ ನಮ್ಮ ಕಡೆ ಹೇಗೆ ನೋಡುತ್ತಾರೆ ಎಂದು ನಿನಗೆ ನಾನು ಹೇಳಬೇಕೆ? ಸೀರೆಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಊಟಕ್ಕೆ ಕುಳಿತರೆ ಎರಡನೇ ರೊಟ್ಟಿ ಬೇಡ. ನಮ್ಮವರು ಸಾಲೆಯಿಂದ ಬಂದರೆ ಸಾಕು, ಪಡಸಾಲೆಯಿಂದ ಎದ್ದು ಅಡುಗೆಮನೆ ಸೇರುತ್ತಿದ್ದಳು. ಒಂದು ದಿನ ಅವರೇ ಹೇಳಿದರು, "ಅತ್ತೀ, ಇದು ನಿಮ್ಮನೀನ ಅಂತ ತಿಳೀರಿ." ಅವ್ವ ಅಂದಳು, "ಹೌದ್ರಿ, ನಿಮ್ಮಂಥಾ ಅಳ್ಯಾ ಯಾರಿಗೆ ಸಿಗ್ತಾನ." ಮರುದಿನ ಬೆಳಿಗ್ಗೆ ನನಗೆ, "ಮುಂದಿನ ವಾರ ಮೂಡಲಗಿಗೆ ಹೋಗ್ತೇನವಾ." ಮೂಡಲಗಿಯಲ್ಲಿ ಏನಿತ್ತು ಅಪ್ಪಾ? ಸ್ಟುಡಿಯೋದ ಜಾಗ ಬಿಟ್ಟುಕೊಟ್ಟು ಆಗಿತ್ತು, ಅಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಬಂದಿತ್ತು. ಆದರೂ ಪ್ರತಿ ವಾರ ಅದೇ ಮಾತು. ಪ್ರೀತಿ ನಮ್ಮಲ್ಲಿ ಬೇಕಾದಷ್ಟಿತ್ತು. ಅವಳಿಗೆ ಬೇಕಾದದ್ದು ಕೆಲಸ, ಕೂತು ತಿನ್ನುತ್ತಿಲ್ಲ ಎನ್ನುವ ಧೈರ್ಯ. ನಾನು ಡಿಜಿಟಲ್ ಕ್ಯಾಮರಾದ ಮಾತೆತ್ತಿದ್ದು ಅದಕ್ಕೇ. ಮನೆಯಲ್ಲೇ ಸಣ್ಣದಾಗಿ ಶುರು ಮಾಡೋಣ, ಫೋಟೋ ನಾನು ತೆಗೆಯುತ್ತೇನೆ, ಉಳಿದದ್ದು ಅವ್ವನ ಕೈಯಲ್ಲಿ... ಅಷ್ಟೇ ನನ್ನ ಲೆಕ್ಕಾಚಾರ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಚರ್ಚೆ ನೀನು ಕೇಳಬೇಕಿತ್ತು. ನಮ್ಮವರು ವಿಜ್ಞಾನದ ಮಾಸ್ತರು, ಎಲ್ಲಿಂದಲೋ ಪತ್ರಿಕೆಗಳನ್ನು ತಂದು ಮೆಗಾಪಿಕ್ಸೆಲ್ ಎಂದರೇನು ಎಂದು ಪಾಠ ಮಾಡಲು ನಿಂತರು. ಬಂದವರೆಲ್ಲ ಕೇಳುವುದೂ ಅದನ್ನೇ, ಎಷ್ಟು ಮೆಗಾಪಿಕ್ಸೆಲ್ಲು? ಎಮ್ಮೆಗೆ ಎಷ್ಟು ಹಾಲು ಎಂದು ಕೇಳುವ ಹಾಗೆ. ನನ್ನ ತಲೆಯಲ್ಲಿದ್ದ ಪ್ರಶ್ನೆ ಬೇರೆ. ನೀನು ಬಿಟ್ಟುಹೋದ ಆ ಭಾರದ ಲೆನ್ಸು ಯಾವ ಕ್ಯಾಮರಾಕ್ಕೆ ಕೂಡುತ್ತದೆ? ಅದನ್ನು ಪೆಟ್ಟಿಗೆಯಲ್ಲಿಟ್ಟು ಹೊಸದನ್ನು ಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಬೆಳಗಾವಿಯ ಅಂಗಡಿಯಲ್ಲಿ ಹಳೇ ಖಣದ ಬಟ್ಟೆ ಬಿಚ್ಚಿ ಲೆನ್ಸನ್ನು ಗಾಜಿನ ಮೇಲಿಟ್ಟಾಗ ಅಂಗಡಿಯವನು ನಕ್ಕ. ಮರಾಠಿ ಮಿಶ್ರಿತ ಮಾತು, ಒಳ್ಳೆಯ ಮನುಷ್ಯ. ಮೊದಲು ತೋರಿಸಿದ ಕ್ಯಾಮರಾಕ್ಕೆ ಅದು ಹತ್ತಿರವೂ ಬರಲಿಲ್ಲ. ಎರಡನೆಯದಕ್ಕೆ ತಿರುಗಿಸಿದೆ ನೋಡು, ಟಕ್ಕೆಂದು ಕೂತುಬಿಟ್ಟಿತು. ಅಂಗಡಿಯವನು ಎಚ್ಚರಿಸಿದ, "ಖರೆ ಹೇಳ್ತೇನ್ರಿ ಅಕ್ಕಾರ, ಈ ಲೆನ್ಸ್ ಹಾಕಿದ್ರ ಕ್ಯಾಮರಾ ನಿಮಗ ಬೆಳಕ ಎಷ್ಟ ಬೇಕಂತ ಹೇಳಾಂಗಿಲ್ಲ. ಫೋಕಸ್ಸೂ ಕೈಲೇ. ಎಲ್ಲಾ ನಿಮ್ಮ ಅಂದಾಜಿನ ಮ್ಯಾಲ." ನಾನಂದೆ, "ನಮ್ಮಪ್ಪ ಕಲಿಸಿದ್ದು ಅಂದಾಜ ಒಂದನ್ನ ರೀ." ಅವನು ಆ ಕ್ಯಾಮರಾವನ್ನೇ ಕಟ್ಟಿದ. ಜೊತೆಗೆ ಒಂದು ಪ್ರಿಂಟರ್ ಕೂಡ ತಂದೆವು, ದೊಡ್ಡ ಹಾಳೆಯಲ್ಲೂ ಫೋಟೋ ಬರುತ್ತದೆ ಎಂದು ನಮ್ಮವರೇ ಆರಿಸಿದ್ದು.

ಮೊದಲ ದಿನ ಪಡಸಾಲೆಯಲ್ಲಿ ಚಾದರ ಕಟ್ಟಿ ಪಕ್ಕದ ಮನೆಯ ಕೂಸನ್ನು ಕೂರಿಸಿದೆ. ಹೊಸ ಕ್ಯಾಮರಾದಲ್ಲಿ ನಿನ್ನ ಲೆನ್ಸಿಗೆ ಮುಖ ತೀರಾ ಹತ್ತಿರ ಬರುತ್ತದೆ ಎಂದು ನನಗೇನು ಗೊತ್ತು? ಹಿಂದೆ ಸರಿದೆ, ಇನ್ನೂ ಹಿಂದೆ ಸರಿದೆ, ಹೊಸ್ತಿಲು ದಾಟಿ ಓಣಿಯಲ್ಲಿ ನಿಂತೆ. ಸೈಕಲ್ಲಿನವರು ನನ್ನನ್ನು ಬಳಸಿ ಹೋದರು. ಹಾಗೇ ತೆಗೆದೆ, ಚೆನ್ನಾಗಿಯೇ ಬಂತು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪ್ರಿಂಟರಿನಿಂದ ಹಾಳೆ ಹೊರಬಂದಾಗ ಕೇಳಿದಳು, "ತೊಳಿಯೂದ ಯಾವಾಗ?" ನಾನು ಉತ್ಸಾಹದಲ್ಲಿ, "ತೊಳಿಯೂದು ಇಲ್ಲವ್ವಾ ಇದಕ್ಕ, ಸೀದಾ ಕೈಯಾಗ" ಎಂದೆ. "ಹಂಗೇನ" ಅಂದು ಒಳಗೆ ಹೋದಳು. ಕೆಲಸ ಕೊಡಲೆಂದು ತಂದ ಯಂತ್ರವೇ ಅವಳ ಕೆಲಸ ಕಸಿದುಕೊಂಡು ಕೂತಿತ್ತು. ನನಗೆ ಆಗ ಅದು ಹೊಳೆಯಲೇ ಇಲ್ಲ.

ಗೋಕಾಕ ಫಾಲ್ಸಿಗೆ ನನ್ನನ್ನು ಕ್ಯಾಮರಾ ಕಲಿಸಲು ಕರೆದುಕೊಂಡು ಹೋಗಿದ್ದೆಯಲ್ಲ, ಕರದಂಟು ತಿನ್ನಿಸಿ, ತೂಗುಸೇತುವೆಯ ಹತ್ತಿರ ನಿಲ್ಲಿಸಿ? ನೀರಿನ ಅಬ್ಬರದಲ್ಲಿ ನಿನ್ನ ಮಾತು ಒಂದೂ ಕೇಳುತ್ತಿರಲಿಲ್ಲ. ನೀನೋ ಕೈ ಎತ್ತಿ, ಬಾಯಿ ಇಷ್ಟಗಲ ತೆರೆದು ಕೂಗುತ್ತಲೇ ಇದ್ದೆ, ಬಾಜೂಕ ಸರಿ ಎಂದೋ ಏನೋ. ಆಗಲೇ ನಾನು ಬಟನ್ ಒತ್ತಿ ನಿನ್ನ ಫೋಟೋ ತೆಗೆದೆ. ಊರಿನವರೆಲ್ಲರ ಫೋಟೋ ತೆಗೆದ ಮನುಷ್ಯ, ನಿನ್ನದೊಂದು ಬಾಯಿ ಮುಚ್ಚಿದ ಫೋಟೋ ಇಲ್ಲವಲ್ಲ. ಕ್ಯಾಮರಾ ಎದುರು ನಿಂತಾಗಲೆಲ್ಲ ನಿನ್ನದು ಪಾಠ. ಅವ್ವನಿಗೆ ಮಾತ್ರ ಆ ಫಾಲ್ಸಿನ ಫೋಟೋವೇ ಇಷ್ಟ. ಅವಳೇ ತೊಳೆದ ಆ ಸಣ್ಣ ಕಪ್ಪು-ಬಿಳುಪು ಫೋಟೋವನ್ನು ಹೊಸ ಕ್ಯಾಮರಾದಲ್ಲಿ ತೆಗೆದು, ದೊಡ್ಡದು ಮಾಡಿ ಅಮಾವಾಸ್ಯೆಯ ಹಿರಿಯರ ಪೂಜೆಗೆ ಸರಿಯಾಗಿ ಕೊಟ್ಟೆ. ಅವ್ವ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಮುಖ ಅರಳಿತ್ತು, ಅಪ್ಪಾ. ಗೆದ್ದೆ ಅಂದುಕೊಂಡೆ.

ಆ ಅಮಾವಾಸ್ಯೆಯ ಬೆಳಿಗ್ಗೆ ನಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಹಿತ್ತಲಿನಿಂದ "ಸುನಂದಾ" ಎಂದು ಅವ್ವ ಕರೆದಳು. ಮೆಲ್ಲಗೆ ಕರೆದಳು, ಅದಕ್ಕೇ ಹೆದರಿ ಓಡಿದೆ. ಫೋಟೋದ ಮೇಲೆ ಹೂರಣದ ಬೆರಳಿನ ಗುರುತು ಬಿದ್ದಿತ್ತಂತೆ. ಬೇರೆ ಯಾರ ಮನೆಯ ಹೆಂಗಸಾದರೂ ಸೆರಗಿನಿಂದ ಒರೆಸುತ್ತಿದ್ದಳು. ಆದರೆ ಇವಳು ಫೋಟೋಗ್ರಾಫರನ ಹೆಂಡತಿ. ಫೋಟೋ ಎಂದರೆ ನೀರಿನಲ್ಲಿ ಹುಟ್ಟುವ ವಸ್ತು ಎಂದು ತಿಳಿದವಳು. ಹಿಟ್ಟು ನಾದುವ ಅಗಲ ಪರಾತದ ತುಂಬ ನೀರು ತುಂಬಿ, ತುದಿ ಹಿಡಿದು, ಮೊದಲಿನ ಹಾಗೇ ನಿಧಾನವಾಗಿ ನಿನ್ನನ್ನು ಒಳಗೆ ಬಿಟ್ಟಿದ್ದಾಳೆ. ನಾನು ಹೋಗುವಷ್ಟರಲ್ಲಿ ನಿನ್ನ ಮುಖ ಹರಿಯುತ್ತಿತ್ತು. ಕಪ್ಪು ಎಂದು ಕಂಡದ್ದೆಲ್ಲ ನೀಲಿಯಾಗಿ, ಗುಲಾಬಿಯಾಗಿ, ರಂಗಪಂಚಮಿಯ ನೀರಿನ ಹಾಗೆ ಪರಾತ ತುಂಬಿತ್ತು. ಅವ್ವ ಒದ್ದೆ ಕೈಗಳನ್ನು ಮುಂದೆ ಹಿಡಿದು ಕೂತಿದ್ದಳು. "ಊರ ಮಂದೀದ ಎಲ್ಲಾರ್ದೂ ತೊಳದ್ನಿ. ಯಾರೂ ಹೋಗಲಿಲ್ಲ. ಇವರನ್ನ ನನ್ನ ಕೈಲೇ ತೊಳದ ಬಿಟ್ನಲ್ಲವಾ" ಅಂದಳು.

ಇನ್ನೊಂದು ಪ್ರಿಂಟ್ ತೆಗೆದರಾಯಿತು, ನಮ್ಮವರ ಕಂಪ್ಯೂಟರಿನಲ್ಲಿ ನೀನು ಹಾಗೇ ಇದ್ದೀ ಎಂದು ಎಷ್ಟು ಹೇಳಿದರೂ ಅವ್ವನ ತಲೆಗೆ ಹೋಗಲಿಲ್ಲ. ಹಳೆಯ ಸಣ್ಣ ಫೋಟೋವನ್ನೂ ಹೊರಗೆ ತೆಗೆಯಗೊಡಲಿಲ್ಲ, ಆ ಪೂಜೆ ಬರೀ ತೆಂಗಿನಕಾಯಿಯ ಮುಂದೆ ಆಯಿತು. "ಇನ್ನ ನಾ ಯಾವ ಫೋಟೋನೂ ಮುಟ್ಟಾಂಗಿಲ್ಲ" ಎಂದಳು. ಮುಂದಿನ ವಾರ ಹೋಗುತ್ತೇನೆ ಎನ್ನುವ ಮಾತು ನಾಳೆ ಹೋಗುತ್ತೇನೆ ಎಂದಾಯಿತು. ಮೂಡಲಗಿಗೆ ಹೋಗಲು ಗೋಕಾಕಕ್ಕೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ನೆರೆಯವರಲ್ಲಿ ವಿಚಾರಿಸಿಯೂ ಬಂದಳು. ನನಗೆ ಅಳು ಬಂತು, ಸಿಟ್ಟೂ ಬಂತು. "ನಾಳೆ ಹೋಗೂದ ಖರೆ, ಆದ್ರ ಬೆಳಗಾಂವಿಗೆ. ಪ್ರಿಂಟರ್ ನೀನ ಆರಸ ಬಾ" ಎಂದು ಬಿಟ್ಟೆ. ಬೆಳಿಗ್ಗೆ ನೋಡಿದರೆ ಅವಳು ಇಳಕಲ್ ಸೀರೆ ಉಟ್ಟು ನನಗಿಂತ ಮೊದಲು ತಯಾರಾಗಿದ್ದಳು.

ಅಂಗಡಿಯವನು ಅವ್ವನಿಗೆ ಕುರ್ಚಿ ಹಾಕಿ, ಕುಡಿಯಲು ತಂಬಿಗೆಯಲ್ಲಿ ನೀರು ತರಿಸಿದ. ಅವ್ವ ಕುಡಿಯಲಿಲ್ಲ. ತೋರಿಸಲು ಇಟ್ಟಿದ್ದ ಫೋಟೋ ಒಂದನ್ನು ಸುರುಳಿ ಸುತ್ತಿ ತಂಬಿಗೆಗೆ ಇಳಿಬಿಟ್ಟಳು. ಅವನು "ಅಯ್ಯ ಆಯೀ, ಏನ ಮಾಡಾಕತ್ತೀರಿ" ಎಂದು ಎದ್ದೇ ನಿಂತ. ನೀರು ನೀಲಿಯಾಯಿತು. "ಇದು ಬ್ಯಾಡ" ಎಂದಳು ಅವ್ವ, ಕಾಯಿಪಲ್ಯೆ ಆರಿಸುವ ಹಾಗೆ. ನಾನು ನಡೆದದ್ದನ್ನು ಹೇಳಿದೆ. ಅವನು ಒಳಗೆ ಹೋಗಿ ಸಣ್ಣ ಡಬ್ಬಿಯಂಥ ಇನ್ನೊಂದು ಪ್ರಿಂಟರ್ ತಂದ. "ಇದು ಅಂಗೈಯಗಲದ ಫೋಟೋನ ಕೊಡ್ತೈತ್ರಿ, ದೊಡ್ಡದು ಬರಾಂಗಿಲ್ಲ. ಆದ್ರ ಕಡೀಕ ಮ್ಯಾಲೊಂದು ತೆಳ್ಳಾನ ಪರದೆ ಹಾಕ್ತೈತಿ. ನೀರಿಗೆ ಅಂಜಾಂಗಿಲ್ಲ." ಅವ್ವ ಅದರ ಫೋಟೋವನ್ನೂ ತಂಬಿಗೆಯಲ್ಲಿ ಮುಳುಗಿಸಿದಳು, ತೆಗೆದು ಹೆಬ್ಬೆರಳಿನಿಂದ ತಿಕ್ಕಿದಳು, ಮತ್ತೆ ಮುಳುಗಿಸಿದಳು. ನೀರು ಕುಡಿಯುವ ಹಾಗೇ ಇತ್ತು. "ಸಣ್ಣದ ಇರವಲ್ದ್ಯಾಕ" ಎಂದು ನನ್ನ ಕಡೆ ನೋಡಿದಳು. ಅಂಗಡಿಯವನಿಗೆ, "ಕಟ್ಟರಿ ಇದನ್ನ."

ಮನೆಗೆ ಬಂದ ಸಂಜೆ ಮೊದಲು ನಿನ್ನನ್ನೇ ತೆಗೆದೆವು. ಈ ಯಂತ್ರ ಒಂದೇ ಸಲಕ್ಕೆ ಫೋಟೋ ಕೊಡುವುದಿಲ್ಲ, ಅಪ್ಪಾ. ಹಾಳೆ ಒಳಗೆ ಹೋಗಿ ಹೊರಗೆ ಬರುತ್ತದೆ, ಪ್ರತಿ ಸಲ ಒಂದೊಂದು ಬಣ್ಣ. ಮೊದಲು ಬರುವುದು ಹಳದಿ. ಬರೀ ಹಳದಿಯಲ್ಲಿ ನಿನ್ನ ಮುಖ, ಎತ್ತಿದ ಕೈ, ತೆರೆದ ಬಾಯಿ. ಅವ್ವ ಬಗ್ಗಿ ನೋಡುತ್ತಿದ್ದವಳು ಒಮ್ಮೆಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. "ಅರಿಷಿಣ ಹಚ್ಚಿ ಕುಂದ್ರಿಸಿದಾಗ ಹಿಂಗ ಇದ್ರು ನೋಡ ನಿಮ್ಮಪ್ಪ. ಆವತ್ತೂ ಬಾಯಿ ಮುಚ್ಚಲಿಲ್ಲ, ಫೋಟೋ ತಗಿಯಾವಗ ಅಲ್ಲಿ ನಿಲ್ಲ, ಇಲ್ಲಿ ನಿಲ್ಲ ಅಂತ ಹೇಳೂದ ಹೇಳೂದು." ಹಾಳೆ ಮತ್ತೆ ಒಳಗೆ ಹೋಯಿತು, ಕೆಂಪು ಕೂಡಿತು, ನೀಲಿ ಕೂಡಿತು, ನೀನು ನೀನಾದೆ. ನಿಮ್ಮ ಮದುವೆಯ ಆ ಮಾತನ್ನು ನನಗೆ ಅವಳು ಎಂದೂ ಹೇಳಿರಲಿಲ್ಲ.

ಆಮೇಲೆ ಅವಳು ಪರಾತಕ್ಕೆ ನೀರು ತುಂಬಿದಳು. ತುದಿ ಹಿಡಿದು ನಿನ್ನನ್ನು ಒಳಗೆ ಬಿಟ್ಟಳು, ಅಲ್ಲಾಡಿಸಿದಳು, ಎತ್ತಿದಳು. ಹಾಗೇ ಇದ್ದೆ. ಒರೆಸಿ, ಹಣೆಗೆ ವಿಭೂತಿ ಹಚ್ಚಿ ದೇವರ ಮಾಡದ ಪಕ್ಕ ಇಟ್ಟಳು.

ಈಗ ನಮ್ಮ ಮನೆಗೆ ಜನ ಬರುತ್ತಾರೆ. ಹೆಣ್ಣುಮಗಳು ಫೋಟೋ ತೆಗೆಯುತ್ತಾಳೆ ಎಂದು ಹೆಂಗಸರು ಧೈರ್ಯವಾಗಿ ಬಂದು ಕೂರುತ್ತಾರೆ, ತಲೆಯ ಮೇಲಿನ ಸೆರಗು ಸರಿಸಿ ನಗುತ್ತಾರೆ. ಅವ್ವ ಪ್ರತಿ ಫೋಟೋವನ್ನೂ ತೊಳೆದೇ ಕೊಡುತ್ತಾಳೆ. ನಮ್ಮವರು ಒಮ್ಮೆ, "ಅತ್ತೀ, ಇದಕ್ಕ ತೊಳಿಯೂದು ಬೇಕಾಗಿಲ್ರಿ" ಎಂದರು. "ಗೊತ್ತೈತ್ರಿ ನನಗ. ತೊಳೀದ ಕೊಟ್ರ ಕೊಟ್ಟಂಗ ಅನಸಾಂಗಿಲ್ಲ" ಎಂದಳು, ಅಡುಗೆಮನೆಯಿಂದ ಅಲ್ಲ, ಅವರ ಎದುರು ಪಡಸಾಲೆಯಲ್ಲಿ ಕೂತೇ. ಅವರು ಎದ್ದು ಹೋಗಿ ಅವಳಿಗೆ ಹೊಸ ನೀರು ತುಂಬಿ ತಂದರು.

ನಿನ್ನೆ ಸಂಕೇಶ್ವರದ ಕಡೆಯ ಒಬ್ಬ ಹಿರಿಯ ಹೆಂಗಸು ಮೊಮ್ಮಗಳ ಫೋಟೋ ತೆಗೆಸಲು ಬಂದಿದ್ದರು. ನಾನು ಓಣಿಯಲ್ಲಿ ನಿಂತು ಫೋಕಸ್ ಮಾಡುತ್ತಿದ್ದೆ. ಅವರು ಅವ್ವನನ್ನು ಕೇಳಿದ್ದು ನನಗೆ ಕೇಳಿಸಿತು, "ಮಗಳ ಮನಿಗೆ ಬಂದೀರೇನ್ರಿ? ಎಷ್ಟ ದಿನ ಇರ್ತೀರಿ?" ನನ್ನ ಕೈ ನಿಂತಿತು. ಅವ್ವ ಪರಾತದಿಂದ ತಲೆ ಎತ್ತಲಿಲ್ಲ. "ಇಲ್ರಿ," ಅಂದಳು, "ನಾ ಇಲ್ಲಿ ಕೆಲಸಕ್ಕ ಅದೇನಿ."

ಇದೇ ಸುದ್ದಿ, ಅಪ್ಪಾ. ಅವ್ವ ಇನ್ನು ಎಲ್ಲಿಗೂ ಹೋಗುವುದಿಲ್ಲ.

ನಿನ್ನ,
ಸುನಂದಾ