ಗೆರೆ ಬಿಟ್ಟು ಕತ್ತರಿಸಿದ ಮೀನು

ಅಂಗಡಿಯಿಂದ,
ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ನನ್ನ ಬಂಗಾರದ ಮಗಳೇ,

ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದೆಯಲ್ಲ, ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ರೈಲು ಓಡಿಸುವುದನ್ನು ಕಲಿಯಲು ಹೋದವಳು ಖಾಲಿ ಹೊಟ್ಟೆಯಲ್ಲಿ ಇಂಜಿನ್ ಹತ್ತಬಾರದು. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಎಂದಿನಂತೆ ಗೊಣಗುತ್ತದೆ, ನಿನ್ನಮ್ಮನೂ ಎಂದಿನಂತೆ ಗೊಣಗುತ್ತಾಳೆ. ಫೋನು ಬಿಟ್ಟು ಪತ್ರ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಹೇಳಬೇಕಾದ್ದನ್ನೆಲ್ಲ ಮರೆಯುತ್ತೇನೆ.

ಈಗ ನಿನ್ನ ಮಗಳ ವಿಷಯಕ್ಕೆ ಬರುತ್ತೇನೆ. ಚೋಟುವಿನ ಕೈಗೆ ಇನ್ನೂ ಹಿಡಿತ ಬಂದಿಲ್ಲ, ಇನ್ನೊಂದು ವರ್ಷ ಶಿಶುವಿಹಾರದಲ್ಲೇ ಇರಲಿ ಅಂತ ಟೀಚರು ಹೇಳಿದ್ದಕ್ಕೆ ನೀನು, ಹಾಗೇನಾದರೂ ಆದರೆ ತರಬೇತಿ ಬಿಟ್ಟು ಬಂದುಬಿಡುತ್ತೇನೆ ಎಂದು ಹಟ ಹಿಡಿದೆಯಲ್ಲ, ಅಂದಿನಿಂದ ನನಗೆ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ದರ್ಜಿಯ ಮಗಳು ರೈಲು ಓಡಿಸುತ್ತಾಳೆ ಎಂದು ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳಿ, ಸಾಲದ್ದಕ್ಕೆ ಬೀದಿಯಲ್ಲಿ ಹೋಗುವವರನ್ನೂ ಕರೆದು ಹೇಳಿದವನು ನಾನು. ಟೀಚರು ಪಾಪ ಒಳ್ಳೆಯವರು. ಮನೆಯಲ್ಲಿ ಕತ್ತರಿ ಹಿಡಿಯುವುದು, ಗುಂಡಿ ಹಾಕಿಕೊಳ್ಳುವುದು, ಪೆನ್ಸಿಲ್ ಹಿಡಿಯುವುದು ಎಲ್ಲ ಅಭ್ಯಾಸ ಮಾಡಿಸಿ, ಮತ್ತೊಮ್ಮೆ ಕೂರಿಸಿಕೊಂಡು ನೋಡುತ್ತೇನೆ ಎಂದರು. ಕತ್ತರಿ ಮತ್ತು ಗುಂಡಿಯ ಬಗ್ಗೆ ಹೇಳುತ್ತಿರುವುದು ಯಾರಿಗೆ ಅಂತ ನನಗೆ ಒಳಗೊಳಗೇ ನಗು.

ಶಾಲೆ ಬಿಟ್ಟ ಮೇಲೆ ಅವಳು ನೇರ ಅಂಗಡಿಗೇ ಬರುತ್ತಿದ್ದಳು. ಹೊಲಿದು ಮುಗಿದ ಅಂಗಿಯನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ಗುಂಡಿ ಹಾಕಮ್ಮಾ ಎನ್ನುತ್ತಿದ್ದೆ. ಮೊದಮೊದಲು ಒಂದು ಕಾಜ ತಪ್ಪಿಸಿ ಹಾಕಿ, ಕುರ್ಚಿಗೆ ಕುತ್ತಿಗೆ ಉಳುಕಿದ ಹಾಗೆ ಮಾಡಿಡುತ್ತಿದ್ದಳು. ಈಗ ಕುರ್ಚಿಗೆ ಹಾಕಿ, ತನಗೂ ಹಾಕಿಕೊಂಡು, ನನ್ನ ತೋಳಿನ ಗುಂಡಿಯನ್ನೂ ಹಾಕುತ್ತಾಳೆ. ದಾರದ ರೀಲುಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡಿ ಜೋಡಿಸುತ್ತಾಳೆ. ಬರೆಯಲು ಸೀಮೆಸುಣ್ಣದ ಚೂರು ಕೊಟ್ಟೆ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲವಲ್ಲ, ಬೆರಳ ತುದಿಯ ಹಿಡಿತ ತಾನಾಗಿ ಕೂತಿತು. ಚೂಪಿಲ್ಲದ ಪುಟ್ಟ ಕತ್ತರಿ ಕೊಂಡು ತಂದು ಹಳೇ ಪೇಪರನ್ನು ಮುಂದಿಟ್ಟೆ. ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಕತ್ತರಿಸುತ್ತಾಳೆ ಕಣೇ, ಥೇಟ್ ನೀನೇ.

ಟೀಚರು ಕರೆದ ದಿನ ನಾನೂ ಹೊಸ ಅಂಗಿ ಹಾಕಿಕೊಂಡು ಹೋದೆ. ಗುಂಡಿ ಸರಿ, ಬಣ್ಣ ಸರಿ, ಹೆಸರು ಬರೆದದ್ದೂ ಸರಿ. ಆಮೇಲೆ ಅವರು ಕಾಗದದ ಮೇಲೆ ಬಿಡಿಸಿದ್ದ ಒಂದು ಮೀನು ಕೊಟ್ಟು, ಇದನ್ನು ಕತ್ತರಿಸು ಎಂದರು. ನಮ್ಮ ಹುಡುಗಿ ಗೆರೆಯಿಂದ ಬೆರಳಗಲ ಆಚೆ, ಸುತ್ತಲೂ ಒಂದೇ ಸಮ, ಬಾಗಿದಲ್ಲಿ ಬಾಗಿ ಕತ್ತರಿಸಿಟ್ಟಳು. ಟೀಚರ ಮುಖ ಚಿಕ್ಕದಾಯಿತು. ತಪ್ಪು ಅವಳದಲ್ಲ, ನನ್ನದು. ದರ್ಜಿಯಾದವನು ಗೆರೆಯ ಮೇಲೇ ಕತ್ತರಿ ಆಡಿಸಿದರೆ ಹೊಲಿಗೆಗೆ ಬಟ್ಟೆ ಎಲ್ಲಿ ಉಳಿಯುತ್ತದೆ? ಗೆರೆ ಬಿಟ್ಟು ಕತ್ತರಿಸು ಎಂದು ದಿನಾ ಹೇಳಿಕೊಟ್ಟಿದ್ದೆ. ಬಾಯಿ ಹಾಕೋಣವೆಂದರೆ, ತಾತ ಸುಮ್ಮನೆ ಕೂತಿರಬೇಕು ಎಂದು ಮೊದಲೇ ತಾಕೀತು ಆಗಿತ್ತು. ನಿನ್ನ ತರಬೇತಿಯನ್ನು ನನ್ನ ಕೈಯಾರೆ ಹಾಳು ಮಾಡಿದೆನಲ್ಲಾ ಎಂದು ನನ್ನನ್ನೇ ಬೈದುಕೊಂಡೆ.

ಯಾಕಮ್ಮ ಗೆರೆ ಬಿಟ್ಟೆ ಎಂದು ಟೀಚರು ಕೇಳಿದರು. ಮುಗಿಯಿತು, ಈಗ ಅಳುತ್ತಾಳೆ ಎಂದುಕೊಂಡೆ. ಮೊದಲೆಲ್ಲ ಯಾರಾದರೂ ಯಾಕೆ ಎಂದರೆ ಸಾಕು, ತುಟಿ ನಡುಗುತ್ತಿತ್ತಲ್ಲ. ಅವಳು ಅಳಲಿಲ್ಲ.

"ಹೊಲಿಯೋಕೆ ಜಾಗ ಬೇಡ್ವಾ ಮಿಸ್? ಹೊಲಿಯಲ್ಲ ಅಂದ್ರೆ ಇನ್ನೊಂದು ಕೊಡಿ, ಗೆರೆ ಮೇಲೇ ಕತ್ತರಿಸ್ತೀನಿ" ಅಂದಳು.

ಟೀಚರು ನನ್ನ ಕಡೆ ನೋಡಿ, ಕೊರಳಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿಯನ್ನು ನೋಡಿ, ಬಿದ್ದು ಬಿದ್ದು ನಕ್ಕರು. ಅವಸರದಲ್ಲಿ ಅದನ್ನು ತೆಗೆದಿಡುವುದನ್ನೇ ಮರೆತಿದ್ದೆ. ಇನ್ನೊಂದು ಮೀನು ಬಂತು. ರೆಕ್ಕೆ, ಬಾಲ ಎಲ್ಲೂ ತಪ್ಪದೆ ಗೆರೆಯ ಮೇಲೇ ಕತ್ತರಿಸಿಕೊಟ್ಟಳು. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಗೊತ್ತಿಲ್ಲದ್ದನ್ನು ಕೇಳಿ, ಇನ್ನೊಮ್ಮೆ ಮಾಡುತ್ತೇನೆ ಎನ್ನುವುದನ್ನು ನಾನು ಅವಳಿಗೆ ಕಲಿಸಿರಲಿಲ್ಲ, ಅದು ನಿನ್ನಿಂದಲೇ ಬಂದಿರಬೇಕು. ಮನೆಗೆ ಬಂದು ಹೇಳಿದರೆ ನಿನ್ನಮ್ಮ, ಕಲಿಸಲು ಹೋಗಿ ಕೆಡಿಸುತ್ತಿದ್ದಿರಲ್ಲ ಎಂದು ಸರಿಯಾಗಿ ತರಾಟೆಗೆ ತೆಗೆದುಕೊಂಡಳು.

ಕೆಮ್ಮಿಗೆ ಬಿಸಿನೀರು ಕುಡಿ. ನಿನ್ನ ಜೊತೆ ಕಲಿಯುವವರಿಗೆಲ್ಲ ನಾನು ಕೇಳಿದೆ ಎಂದು ಹೇಳು. ನಮ್ಮಿಬ್ಬರ ಆಶೀರ್ವಾದ ನೀನು ಹೋದಲ್ಲೆಲ್ಲ ನಿನ್ನ ಹಿಂದೆಯೇ ಇರುತ್ತದೆ.

ನಿನ್ನ ಅಪ್ಪ

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಗಿದೆ, ಅಂಗಡಿಗೆ ಊಟ ತಂದ ನಿನ್ನಮ್ಮ ಪತ್ರ ಓದಿ, ಪಕ್ಕದಲ್ಲಿ ನಿಂತು ತಲೆಗೆ ಮೊಟಕುತ್ತಿದ್ದಾಳೆ. ಚೋಟು ಒಂದನೇ ಕ್ಲಾಸಿಗೆ ಹೋಗುತ್ತಾಳೆ. ಟೀಚರು ಒಪ್ಪಿಯಾಯಿತು. ಸೇರಿಸುವ ದಿನ ಅಮ್ಮ ಬರುತ್ತಾರಾ ಎಂದು ಅವರು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಇವಳು, "ಈಗ ಬರಲ್ಲ ಮಿಸ್, ನಮ್ಮಮ್ಮನೂ ಸ್ಕೂಲಲ್ಲಿದಾಳೆ. ಪಾಸಾದ ಮೇಲೆ ಬರ್ತಾಳೆ, ರೈಲು ಅವಳೇ ಓಡಿಸ್ಕೊಂಡು" ಅಂದಳು. ಅಲ್ಲಿ ಕೂತಿದ್ದ ಬೇರೆ ಮಕ್ಕಳ ತಂದೆ ತಾಯಿಯರ ಮುಂದೆಲ್ಲ ಹೇಳಿಬಿಟ್ಟಿದ್ದಾಳೆ ಕಣಮ್ಮಾ. ರಾಜೀನಾಮೆ ಬರೆದಿಟ್ಟಿದ್ದರೆ ಹರಿದು ಹಾಕು.